ಬೇರನ್ನೇ ಕೇಳಿ

ಮೊನ್ನೆ ಬೆಳಗ್ಗೆ ಪತ್ರೊಡೆ ಮಾಡುತ್ತೇನೆಂದು ನನ್ನಾಕೆ ಕೆಸುವಿನ ಎಲೆ ಕೊಯ್ಯಲು ನನ್ನನ್ನು ಹಿತ್ತಿಲಿಗೆ ಅಟ್ಟಿದಳು. ಮಳೆ ಆಗಷ್ಟೇ ಹೊಳವಾಗಿತ್ತು. ಬಾವಿಕಟ್ಟೆಯ ಪಕ್ಕದ ಒಂದು ದೊಡ್ಡ ಎಲೆಗೆ ಕೈ ಹಾಕಿದೆನೋ ಇಲ್ಲವೋ, ಅದರ ನಡುವೆ ಗುಂಡಗೆ ಕೂತಿದ್ದ ನೀರು ಜಾರಿ, ನನ್ನ ಅಂಗಿಯ ತೋಳಿನೊಳಗೆ ಇಳಿದು ಕಂಕುಳು ಮುಟ್ಟಿತು. ಎಲೆ ಮಾತ್ರ ಒಂದು ಹನಿಯೂ ಸೋಕಿಲ್ಲವೆಂಬಂತೆ ಒಣಗಿಕೊಂಡು ನಿಂತಿತ್ತು. ಸಿಟ್ಟು ಬರಬೇಕಾದ ಹೊತ್ತಿನಲ್ಲಿ ನನಗೆ ನಗು ಬಂತು. "ಕೆಸು ನೀರಲ್ಲೇ ಹುಟ್ಟಿ ನೀರಲ್ಲೇ ಬೆಳೆಯೋದು. ಆದ್ರೂ ಎಲೆ ಮೇಲೆ ಒಂದು ಹನಿ ನಿಲ್ಲೋಕೆ ಬಿಡೋದಿಲ್ಲ ನೋಡಿ. ಹೆಚ್ಚಾದದ್ದನ್ನ ಕೆಳಗೆ ಹಾಕೋಕೂ ಬುದ್ಧಿ ಬೇಕು ರೈಟ್ರೇ" ಎಂದು ಇಪ್ಪತ್ತು ವರ್ಷದ ಹಿಂದೆ ಒಬ್ಬ ಹೆಂಗಸು ನನಗೆ ಹೇಳಿದ್ದು ನೆನಪಾಯಿತು. ಕೊಯ್ಯುವುದನ್ನು ಬಿಟ್ಟು ಬಾವಿಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಎರಡು ಸಲ ಕೂಗು ಬಂತು. ಮಧ್ಯಾಹ್ನದ ಪತ್ರೊಡೆ ಅವತ್ತು ಸಂಜೆಗಾಯಿತು.

ಆ ಹೆಂಗಸಿನ ಹೆಸರು ದೇವೀರಮ್ಮ. ಮೂಡಿಗೆರೆಯ ಹತ್ತಿರ ಒಬ್ಬ ಗೌಡರ ಕಾಫಿ ತೋಟದಲ್ಲಿ ನಾನು ರೈಟರಾಗಿದ್ದೆ. ಅಲ್ಲಿಯ ನರ್ಸರಿಯನ್ನು ದೇವೀರಮ್ಮ ನೋಡಿಕೊಳ್ಳುತ್ತಿದ್ದರು. ರೈಟರ್ ಎಂದ ಕೂಡಲೇ ನಾನೇನೋ ಕಾವ್ಯ ಬರೆಯುತ್ತಿದ್ದೆ ಎಂದುಕೊಳ್ಳಬೇಡಿ. ಆಳುಗಳ ಹಾಜರಿ ಹಾಕುವುದು, ಮಳೆ ಅಳೆದು ಗುರುತು ಹಾಕುವುದು, ಗೌಡರು ಬೈದದ್ದನ್ನು ಸ್ವಲ್ಪ ಸಕ್ಕರೆ ಬೆರೆಸಿ ಮೇಸ್ತ್ರಿಗೆ ದಾಟಿಸುವುದು, ಇಷ್ಟೇ ನನ್ನ ಉದ್ಯೋಗ. ಗಿಡಮರದ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಒಂದೇ: ಬಾಡಿದ ಗಿಡಕ್ಕೆ ನೀರು ಹಾಕಬೇಕು. ನಾನು ಕಡೂರಿನ ಕಡೆಯವನು. ನಮ್ಮಮ್ಮ ಕುಡಿಯುವ ನೀರಿಗೆ ಒಂದು ಮೈಲಿ ನಡೆದು ಹೋಗಿ ಬರುತ್ತಿದ್ದರು. ಬಂದವರು ಕುಡಿದು ಉಳಿಸಿದ ಚೊಂಬಿನ ತಳದ ನೀರನ್ನೂ ಚೆಲ್ಲದೆ ನುಗ್ಗೆಯ ಬುಡಕ್ಕೆ ಹಾಕುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವನಿಗೆ ಬಾಯಾರಿದ ಗಿಡವನ್ನು ಸುಮ್ಮನೆ ನೋಡುತ್ತ ನಿಲ್ಲುವುದು ಪಾಪವೆಂದೇ ತೋರುತ್ತಿತ್ತು. ಮುಂದೆ ನಾನು ಮಾಡಿದ ಅನಾಹುತಕ್ಕೆ ಇದೇ ಮೂಲ.

ಗೌಡರು ಚಿಕ್ಕಮಗಳೂರಿನ ಆಚೆ, ಬೆಟ್ಟದ ಮೂಡಣ ಮೈಯಲ್ಲಿ ಒಂದು ಗುಡ್ಡ ಕೊಂಡಿದ್ದರು. ಅಲ್ಲಿ ನಿಂತರೆ ಕೆಳಗೆ ಬಯಲುಸೀಮೆಯ ಕೆರೆಗಳು ಕಾಣುತ್ತವೆ. ಮೂಡಿಗೆರೆಯಲ್ಲಿ ಹೊಯ್ಯುವ ಮಳೆಯ ಕಾಲು ಪಾಲೂ ಅಲ್ಲಿ ಬೀಳುವುದಿಲ್ಲ. ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗಲು ಒಲೆಯೇ ಬೇಕು. ಅಲ್ಲಿ ಹೊರಗೆ ಹರವಿ ಒಂದು ಎಲೆಯಡಿಕೆ ಹಾಕುವಷ್ಟರಲ್ಲಿ ಒಣಗಿರುತ್ತದೆ. ಆ ಗುಡ್ಡಕ್ಕೆ ಗೌಡರು ಯಾರನ್ನೂ ಕೇಳದೆ ದೇವೀರಮ್ಮನ ನರ್ಸರಿಯ ಸಸಿಗಳನ್ನು ಗಾಡಿಗಟ್ಟಲೆ ಸಾಗಿಸಿ ನೆಡಿಸಿದರು. ಎಂಥ ಸಸಿಗಳು ಅಂತೀರಿ! ಅಂಗೈ ಅಗಲದ ಎಲೆ, ಕಡುಹಸಿರು, ದೃಷ್ಟಿಯಾಗಬೇಕು. ಕಾರ್ತಿಕದ ತನಕ ನಳನಳಿಸುತ್ತಿದ್ದವು. ಮಾಘದಲ್ಲಿ ಬಿಸಿಲು ಏರಿತು ನೋಡಿ, ಸಾಲು ಸಾಲೇ ಸುಟ್ಟುಹೋಯಿತು. ಶಿವರಾತ್ರಿಯ ಹೊತ್ತಿಗೆ ಆ ಗುಡ್ಡದಲ್ಲಿ ಗುಳಿಗಳನ್ನು ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಒಣಗಿದ ಒಂದು ಸಸಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗೌಡರು ನರ್ಸರಿಗೆ ಬಂದರು. ನಾನು ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಹಿಂದೆ ನಿಂತೆ.

"ಎಂತದು ದೇವೀರಮ್ಮ ಇದು? ಹದಿನೈದು ವರ್ಷದಿಂದ ನರ್ಸರಿ ನಿನ್ನ ಕೈಲಿ ಕೊಟ್ಟು ನೆಮ್ಮದಿಯಾಗಿದ್ದೆ. ಸತ್ವ ಇಲ್ಲದ ಗಿಡ ಎಬ್ಬಿಸಿ ಕೊಟ್ಟಿದ್ದೀಯಲ್ಲ! ಕೊಡಗಿನಿಂದ ಒಬ್ಬ ಮೇಸ್ತ್ರಿ ಬರ್ತೀನಿ ಅಂತಿದ್ದಾನೆ, ಅವನಿಗೆ ಒಪ್ಪಿಸ್ತೀನಿ. ನೀನು ನಾಳೆಯಿಂದ ಕಳೆ ತೆಗೆಯೋರ ಜೊತೆ ಹೋಗು" ಎಂದರು.

ಇದು ದೇವೀರಮ್ಮನಿಗೆ ಎಷ್ಟು ದೊಡ್ಡ ಪೆಟ್ಟು ಎನ್ನುವುದು ನಿಮಗೆ ತಿಳಿಯಬೇಕು. ಆ ನರ್ಸರಿಯ ಒಂದೊಂದು ಮಡಿಯನ್ನೂ ಕಟ್ಟಿದವರು ಅವರು. ಸುತ್ತಿನ ತೋಟಗಳಲ್ಲೆಲ್ಲ ನರ್ಸರಿಗೆ ಗಂಡಸರೇ ಯಜಮಾನರು, ಇದೊಂದರಲ್ಲಿ ಹೆಂಗಸು. ಮೀಸೆ ಹೊತ್ತ ಮೇಸ್ತ್ರಿಗಳು ಏನಾದರೂ ಕೇಳಲು ಬಂದರೆ ದೇವೀರಮ್ಮ ಕಲ್ಲಿನ ಮೇಲೆ ಕೂತೇ ಉತ್ತರ ಕೊಡುತ್ತಿದ್ದರು. ಅವರು ನಿಂತು ಕೇಳುತ್ತಿದ್ದರು. ಅಂಥವರು ಇನ್ನು ಅದೇ ಮೇಸ್ತ್ರಿಗಳ ಕಣ್ಣೆದುರು ಕಳೆಗತ್ತಿ ಹಿಡಿದು ಬಗ್ಗಬೇಕು. ಆದರೂ ಅವರು ತಲೆ ತಗ್ಗಿಸದೆ ಉತ್ತರ ಕೊಟ್ಟರು.

"ಗೌಡ್ರೇ, ಗಿಡದಲ್ಲಿ ಸತ್ವ ಇತ್ತು. ಅದು ಈ ಊರಿಗೆ ಆಗುವ ಸತ್ವ. ಇಲ್ಲಿ ನೀರು ಕಾಲಬುಡಕ್ಕೇ ಬರ್ತದೆ, ಬೇರು ಯಾಕೆ ಕೆಳಗಿಳೀತದೆ ಹೇಳಿ? ಆ ಗುಡ್ಡಕ್ಕೆ ಅಂತ ಮೊದಲೇ ಹೇಳಿದ್ರೆ ನಾನು ಬೇರೆ ಥರ ಬೆಳೆಸ್ತಿದ್ದೆ. ಒಂದು ವರ್ಷ ಕೊಡಿ. ಇದೇ ಬೀಜದ್ದು ನಾನ್ನೂರು ಗಿಡ ನಿಲ್ಲಿಸಿ ತೋರಿಸ್ತೀನಿ."

ಗೌಡರು ಸಿಡುಕರೇ ಹೊರತು ಕೆಟ್ಟವರಲ್ಲ. ಕೈಯಲ್ಲಿದ್ದ ಒಣ ಸಸಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಆ ಗುಡ್ಡಕ್ಕೆ ನೀರು ಹೊತ್ತು ಹಾಕೋದಿಲ್ಲ, ಮೊದಲೇ ಹೇಳಿದೆ. ಮುಂದಿನ ವರ್ಷದ ಯುಗಾದಿಗೆ ನಾನೇ ಬಂದು ಎಣಿಸ್ತೀನಿ. ನಾನ್ನೂರಲ್ಲಿ ಮುನ್ನೂರಾದ್ರೂ ಜೀವ ಇರ್ಬೇಕು. ಒಂದು ಕಡಿಮೆಯಾದ್ರೂ ನರ್ಸರಿ ಕೊಡಗಿನೋನಿಗೆ" ಎಂದರು. ದೇವೀರಮ್ಮ "ಆಗ್ಲಿ ಗೌಡ್ರೇ" ಎಂದದ್ದೇ ತಡ, ಮಡಿಯ ಕಡೆ ತಿರುಗಿ ಕೆಲಸಕ್ಕೆ ಕೈ ಹಾಕಿದರು.

ಅಲ್ಲಿಂದ ಮುಂದಿನ ಮೂರು ತಿಂಗಳು ಅವರು ಆ ಸಸಿಗಳಿಗೆ ಕೊಟ್ಟ ಹಿಂಸೆ ಅಷ್ಟಿಷ್ಟಲ್ಲ. ಬಿದಿರು ಬುಟ್ಟಿಗಳಲ್ಲಿ ಕೂರಿಸಿದ ನಾನ್ನೂರು ಎಳೆಯ ಸಸಿ. ಉಳಿದ ಮಡಿಗಳಿಗೆ ದಿನಾ ನೀರು, ಇವಕ್ಕೆ ನಾಲ್ಕು ದಿನಕ್ಕೊಮ್ಮೆ. ಮೇಲಿನ ಚಪ್ಪರದ ಜರಿಸೊಪ್ಪನ್ನು ವಾರಕ್ಕಿಷ್ಟಂತೆ ಕಿತ್ತು ಬಿಸಿಲು ಬಿಡುವುದು. ಮಧ್ಯಾಹ್ನವಾದರೆ ಸಸಿಗಳು ಜೋಲುಮೋರೆ ಹಾಕಿಕೊಂಡು ನಿಲ್ಲುತ್ತಿದ್ದವು. ನಾನು ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ.

"ದೇವೀರಮ್ಮ, ಇವು ಸಾಯ್ತಾವಲ್ರೀ!"

"ಮಧ್ಯಾಹ್ನ ತಲೆ ಬಗ್ಗಿಸಿದ್ರೆ ಬಗ್ಗಿಸ್ಲಿ ಮಾರಾಯ್ರೆ. ಸಂಜೆ ತಾನಾಗಿ ತಲೆ ಎತ್ತುತ್ತದಾ ನೋಡಿ. ಎತ್ತಿದ್ರೆ ಅದು ಕಲೀತಾ ಇದೆ ಅಂತ. ಎತ್ತದಿದ್ರೆ ಮಾತ್ರ ನನ್ನ ಕರೀರಿ."

ಸಂಜೆ ಹೋಗಿ ನೋಡಿದರೆ, ಹೌದು, ಎಲ್ಲ ತಲೆ ಎತ್ತಿದ್ದವು. ಹೊಸದಾಗಿ ಬಂದ ಎಲೆಗಳು ಮಾತ್ರ ಚಿಕ್ಕವು, ದಪ್ಪ, ಮುಟ್ಟಿದರೆ ಚರ್ಮದ ಹಾಗೆ, ಬಣ್ಣವೂ ಮಂಕು. ಪಕ್ಕದ ಮಡಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ದೇವೀರಮ್ಮ ಅವರನ್ನು ಗದರಲೂ ಇಲ್ಲ.

ಮಳೆ ಹಿಡಿದ ಮೇಲೆ ಸಸಿಗಳನ್ನು ಇಬ್ರಾಹಿಂ ಸಾಹೇಬರ ಎತ್ತಿನ ಗಾಡಿಗಳಲ್ಲಿ ಹೇರಿಕೊಂಡು ಹೊರಟೆವು. ಆಲ್ದೂರಿನಲ್ಲಿ ಒಂದು ದಿನ ತಂಗಿ, ಮುಂದೆ ಚಿಕ್ಕಮಗಳೂರು ದಾಟಿ ಗುಡ್ಡ. ನಾನು ಓದಿದ್ದು ಲೋವರ್ ಸೆಕೆಂಡರಿ. ಆದರೆ ನಿಜವಾದ ಶಾಲೆ ಆ ಗಾಡಿಯ ಮೇಲೆ ಆಯಿತು. ಮೂಡಿಗೆರೆಯ ಕಾಡಿನಲ್ಲಿ ದೇವೀರಮ್ಮ ಒಂದು ಎಲೆ ಕಿತ್ತು ಅದರ ತುದಿ ತೋರಿಸಿದರು. ಬಾಲದ ಹಾಗೆ ಉದ್ದಕ್ಕೆ ಇಳಿದಿತ್ತು. ಬಿದ್ದ ಮಳೆ ಆ ಬಾಲ ಹಿಡಿದು ತೊಟ್ಟಿಕ್ಕಿ ಹೋಗದಿದ್ದರೆ ಎಲೆಗೆ ಪಾಚಿ ಕಟ್ಟಿ ಕೊಳೆತುಹೋಗುತ್ತದಂತೆ. ಕೆಸುವಿನ ಮಾತು ಬಂದದ್ದೂ ಅಲ್ಲೇ. ಆಲ್ದೂರು ಕಳೆಯುತ್ತಿದ್ದಂತೆ ಮರದ ಮೈಯ ಪಾಚಿ ತೆಳುವಾಯಿತು, ರೆಂಬೆಗೆ ಅಂಟಿ ಹೂಬಿಡುವ ಸೀತೆದಂಡೆಗಳು ಕಡಿಮೆಯಾದವು. ಮುಂದೆ ನೆಲ್ಲಿ ಬಂತು, ಎಲೆ ಸಣ್ಣಸಣ್ಣ. ಆಮೇಲೆ ಕಗ್ಗಲಿ; ಅದಕ್ಕೆ ಎಲೆಗಿಂತ ಮುಳ್ಳೇ ಜಾಸ್ತಿ. ಕೊನೆಗೆ ಬೇಲಿಯಲ್ಲಿ ಕಳ್ಳಿ. ಎಲೆಯ ಗೊಡವೆಯೇ ಬೇಡವೆಂದು ಕಾಂಡದಲ್ಲೇ ಹಾಲು ತುಂಬಿಕೊಂಡು ಕೂತಿದೆ. "ಎಲೆ ಅಂದ್ರೆ ಗಿಡದ ಬಾಯಿ ಇದ್ದ ಹಾಗೆ ರೈಟ್ರೇ. ಒಣ ಊರಲ್ಲಿ ಬಾಯಿ ಸಣ್ಣದಿರ್ಬೇಕು, ಕಾಲು ಉದ್ದ ಇರ್ಬೇಕು" ಎಂದರು. ಸಾಹೇಬರು ಎತ್ತಿನ ಬಾಲ ತಿರುಚುತ್ತ, "ಈಯಮ್ಮ ಎಲೆ ನೋಡಿ ಮೈಲಿ ಹೇಳ್ತಾರೆ ಮಾರಾಯ್ರೆ! ನಾನು ಇಪ್ಪತ್ತು ವರ್ಷದಿಂದ ಈ ರಸ್ತೇಲಿ ಗಾಡಿ ಹೊಡೀತಿದ್ದೀನಿ, ಒಂದು ಎಲೇನೂ ನೋಡಿಲ್ಲ" ಎಂದು ಹಣೆ ಚಚ್ಚಿಕೊಂಡರು.

ನೆಟ್ಟಾಯಿತು. ಪ್ರತಿ ಗಿಡದ ಬುಡಕ್ಕೆ ಒಣ ದರಗೆಲೆಯ ಹೊದಿಕೆ, ಪಡುವಣ ಬಿಸಿಲು ಹೊಡೆಯದಂತೆ ಒಂದು ಸೊಪ್ಪಿನ ಟೊಂಗೆ. ಹತ್ತು ಸಾಲು, ಸಾಲಿಗೆ ನಲವತ್ತು. ನನ್ನನ್ನು ಕಾವಲಿಗೆಂದು ಅಲ್ಲಿಯೇ ಒಂದು ಗುಡಿಸಲಲ್ಲಿ ಬಿಟ್ಟು, ದೇವೀರಮ್ಮ ಮೂಡಿಗೆರೆಗೆ ಹೊರಟರು. ಗಾಡಿ ಹತ್ತಿದವರು ಮತ್ತೆ ಇಳಿದು ಬಂದರು. "ಒಂದೇ ಮಾತು. ನೀರು ಹಾಕ್ಬೇಡಿ. ನಿಮ್ಮ ಮನಸ್ಸು ಮೆತ್ತಗೆ, ನನಗೆ ಗೊತ್ತು. ಕೈ ಮುಗೀತೀನಿ, ನೀರು ಮಾತ್ರ ಹಾಕ್ಬೇಡಿ" ಎಂದರು. ನಾನು ಎದೆ ತಟ್ಟಿಕೊಂಡು ಮಾತು ಕೊಟ್ಟೆ.

ಸಂಕ್ರಾಂತಿಯ ತನಕ ಆ ಮಾತು ಉಳಿಯಿತು. ಆಮೇಲೆ ಬಿಸಿಲು ಬಂತು. ಗುಡಿಸಲ ಬಾಗಿಲಲ್ಲಿ ಊಟಕ್ಕೆ ಕೂತರೆ ಎದುರಿಗೇ ಮೊದಲ ಸಾಲು. ನಲವತ್ತು ಗಿಡಗಳೂ ತಲೆ ಜೋತುಹಾಕಿ ನನ್ನ ಚೊಂಬನ್ನೇ ನೋಡುತ್ತಿವೆ ಎನ್ನಿಸುತ್ತಿತ್ತು. ಒಂದು ಸಂಜೆ ಕೆಳಗಿನ ಒರತೆಯಿಂದ ನೀರು ತಂದು ಆ ಸಾಲಿಗೆ ಗಿಡಕ್ಕೊಂದು ಚೊಂಬು ಹಾಕಿದೆ. ಮರುದಿನವೂ ಹಾಕಿದೆ. ಹದಿನೈದು ದಿನದಲ್ಲಿ ನನ್ನ ಸಾಲು ಹೇಗೆ ಚಿಗುರಿತು ಅಂತೀರಿ! ಉಳಿದ ಒಂಬತ್ತು ಸಾಲು ಮಂಕಾಗಿ ನಿಂತಿವೆ, ನನ್ನದು ಮಿರಮಿರ ಮಿಂಚುತ್ತಿದೆ. ದೇವೀರಮ್ಮನ ವಿದ್ಯೆಗಿಂತ ನನ್ನ ಕರುಣೆಯೇ ದೊಡ್ಡದು ಎಂದು ಒಳಗೊಳಗೇ ಬೀಗಿದೆ. ಅವರು ಬಂದಾಗ ತೋರಿಸಿ ಹೊಗಳಿಸಿಕೊಳ್ಳಬೇಕೆಂದು ಮಾತುಗಳನ್ನೂ ಕೂಡಿಸಿಟ್ಟಿದ್ದೆ.

ಆ ಮಾತುಗಳು ಖರ್ಚಾಗಲಿಲ್ಲ. ಮೊದಲು ಒರತೆ ಬತ್ತಿತು. ಅದರ ಬೆನ್ನಿಗೇ ನನಗೆ ಚಳಿಜ್ವರ ಹಿಡಿಯಿತು. ಹನ್ನೆರಡು ದಿನ ಕಂಬಳಿಯೊಳಗೆ ಹಲ್ಲು ಕಟಕಟಿಸುತ್ತ ಬಿದ್ದಿದ್ದೆ. ಹದಿಮೂರನೆಯ ದಿನ ಗೋಡೆ ಹಿಡಿದು ಬಾಗಿಲಿಗೆ ಬಂದೆ. ನನ್ನ ಸಾಲು ಸುಟ್ಟು ಕರಕಲಾಗಿತ್ತು. ನಲವತ್ತಕ್ಕೆ ನಲವತ್ತೂ! ಆ ಕಡೆ ಒಂಬತ್ತು ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಸತ್ತಿದ್ದವು, ಉಳಿದವು ಮಂಕಾಗಿಯೇ ನೆಟ್ಟಗೆ ನಿಂತಿದ್ದವು. ಯುಗಾದಿಗೆ ಆರೇ ದಿನ ಉಳಿದಿತ್ತು.

ಹಬ್ಬದ ಮಾರನೆಯ ದಿನ ಬೆಳಗ್ಗೆ ಗೌಡರು ಬಂದರು, ಜೊತೆಗೆ ದೇವೀರಮ್ಮ. ದೇವೀರಮ್ಮ ಮೊದಲ ಸಾಲಿನ ಹತ್ತಿರ ಬಗ್ಗಿ ಬುಡದ ಮಣ್ಣನ್ನು ಬೆರಳಿಂದ ಕೆದಕಿದರು. ದಿನಾ ನೀರು ಬಿದ್ದು ಒಣಗಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು. ಕೈಯ ಮಣ್ಣು ಕೊಡವಿಕೊಂಡು ಎದ್ದರು. ಗೌಡರು ಕೋಲು ಊರಿಕೊಂಡು ಹತ್ತೂ ಸಾಲು ನಡೆದು ಎಣಿಸಿದರು.

"ಇನ್ನೂರ ತೊಂಬತ್ತೊಂದು. ಒಂಬತ್ತು ಕಡಿಮೆ" ಎಂದರು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. "ಈ ಒಂದು ಸಾಲು ಮಾತ್ರ ಯಾಕೆ ಇಡೀ ಹೋಗಿದೆ?"

"ಹೋಗಿದೆ ಗೌಡ್ರೇ. ಮಾತು ಅಂದ್ರೆ ಮಾತು" ಎಂದು ದೇವೀರಮ್ಮ ಸೊಂಟಕ್ಕೆ ಗಂಟು ಹಾಕಿಕೊಂಡಿದ್ದ ನರ್ಸರಿ ಕೊಟ್ಟಿಗೆಯ ಬೀಗದ ಕೈಯನ್ನು ಬಿಚ್ಚತೊಡಗಿದರು. ಗಂಟು ಬೇಗ ಬಿಚ್ಚಲಿಲ್ಲ. ನಾನೇನೂ ಧೈರ್ಯಸ್ಥನಲ್ಲ ಸ್ವಾಮಿ, ಗೌಡರು ಕೆಮ್ಮಿದರೆ ಬೆಚ್ಚುತ್ತಿದ್ದವನು. ಆದರೆ ಆ ಗಂಟನ್ನು ನೋಡುತ್ತ ಬಾಯಿಮುಚ್ಚಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

"ಗೌಡ್ರೇ, ಆ ಸಾಲು ಕೊಂದದ್ದು ನಾನು."

"ನೀನಾ? ಎಂತ ಮಾಡ್ದೆ?"

"ನೀರು ಹಾಕ್ದೆ."

ಗೌಡರು ಗಹಗಹಿಸಿ ನಕ್ಕರು. "ನೀರು ಹಾಕಿ ಗಿಡ ಕೊಂದ್ಯಾ? ಬೆಂಕಿ ಹಾಕ್ದೆ ಅಂದ್ರೂ ನಂಬ್ತಿದ್ದೆ. ಜ್ವರ ತಲೆಗೇರಿದೆಯೇನೋ? ಈಕೆಯನ್ನ ಉಳಿಸೋಕೆ ಸುಳ್ಳು ಹೇಳೋದಾದ್ರೆ ನೆಟ್ಟಗಿರೋ ಸುಳ್ಳಾದ್ರೂ ಹೇಳೋ!"

ನಾನು ಆಣೆ ಇಟ್ಟೆ. ಗೌಡರು ತಲೆ ಅಲ್ಲಾಡಿಸಿದರು. ಆಗ ದೇವೀರಮ್ಮ ಕೀಲಿಕೈಯ ಗಂಟನ್ನು ಬಿಟ್ಟು ನೆಟ್ಟಗೆ ನಿಂತರು. "ಬಾಯಿಮಾತು ಬೇಡ ಗೌಡ್ರೇ. ಬೇರನ್ನೇ ಕೇಳಿ. ಸತ್ತದ್ದು ಒಂದು ಅಗೆಸಿ, ಬದುಕಿದ್ದು ಒಂದು ಅಗೆಸಿ. ಯಾವುದು ಅಂತ ನೀವೇ ಆರಿಸಿ."

ನನ್ನ ಸಾಲಿನದು ಅಗೆಯುವ ಕೆಲಸವೇ ಬೀಳಲಿಲ್ಲ. ಗೌಡರು ಎರಡು ಬೆರಳಲ್ಲಿ ಹಿಡಿದೆಳೆದರೆ ಕಿತ್ತು ಬಂತು. ಬೇರೆಲ್ಲ ಮೇಲ್ಮಣ್ಣಿನಲ್ಲೇ ಚಾಪೆ ಹಾಸಿಕೊಂಡಿದ್ದವು. ತಾಯಿಬೇರು ಗೇಣುದ್ದಕ್ಕೇ ನಿಂತಿತ್ತು. ಸಂಜೆಯಾದರೆ ಚೊಂಬು ಬರುತ್ತದೆಂದು ಗೊತ್ತಿದ್ದ ಬೇರು ಕೆಳಗೆ ಯಾಕೆ ಇಳಿದೀತು? ಗೌಡರ ನಗು ನಿಂತಿತು. ಮೂರನೆಯ ಸಾಲಿಗೆ ಹೋಗಿ, ಬೇಕೆಂದೇ, ಎಲ್ಲಕ್ಕಿಂತ ಬಡಕಲಾದ ಒಂದು ಗಿಡಕ್ಕೆ ಕೋಲು ತೋರಿಸಿದರು. ನಾನು ಗುದ್ದಲಿ ಹಿಡಿದೆ. ಒಂದು ಗೇಣು ಅಗೆದೆ, ಬೇರು ಇನ್ನೂ ಹೋಗುತ್ತಿದೆ. ಒಂದು ಮೊಳವಾಯಿತು, ಇನ್ನೂ ಇದೆ. ಗೌಡರು ಕೋಟು ಬಿಚ್ಚಿ ಎಸೆದರು. ಕೆಮ್ಮಣ್ಣಿನಲ್ಲಿ ಮೊಣಕಾಲೂರಿ ಕೈಯಿಂದಲೇ ಬಗೆಯತೊಡಗಿದರು. "ತಡಿ, ತಡಿ, ನಿಧಾನ, ಕಡೀಬೇಡ" ಎಂದು ನನ್ನನ್ನೇ ಗದರುತ್ತಿದ್ದಾರೆ! ಒಂದೂವರೆ ಮೊಳದ ಆಳದಲ್ಲಿ ಎರಡು ಕಲ್ಲಿನ ಸಂದಿಗೆ ನುಗ್ಗಿದ ಬೇರು ಅಲ್ಲಿಗೆ ತುಂಡಾಯಿತು. ತುದಿ ಇನ್ನೂ ಒಳಗೆ ಉಳಿದಿತ್ತು. ಗೌಡರು ಆ ಸಂದಿಯ ಮಣ್ಣು ತೆಗೆದು ಬೆರಳಲ್ಲಿ ಹಿಸುಕಿದರು. ಆ ಬೇಸಿಗೆಯಲ್ಲಿ, ಆ ಗುಡ್ಡದಲ್ಲಿ, ಆ ಮಣ್ಣು ತಂಪಾಗಿತ್ತು.

"ದೇವೀರಮ್ಮ, ಇದು ನೀರು ಹುಡುಕಿಕೊಂಡು ಹೋಗಿದೆಯಲ್ಲ!" ಎಂದರು ಗೌಡರು.

"ಹುಡುಕೋಕೆ ಕಲಿಸಿದ್ದೆ ಗೌಡ್ರೇ" ಎಂದರು ದೇವೀರಮ್ಮ.

ಗೌಡರು ಮೊಣಕಾಲೂರಿದ ಹಾಗೇ ತಲೆ ಎತ್ತಿದರು. ದೇವೀರಮ್ಮ ನಿಂತಿದ್ದರು. "ಈ ಹುಚ್ಚನ ಸಾಲು ಲೆಕ್ಕಕ್ಕಿಲ್ಲ, ಅದು ಉಳಿದಿದ್ರೆ ಮುನ್ನೂರು ದಾಟ್ತಿತ್ತು. ಗೆದ್ದೆ ಕಣಮ್ಮ ನೀನು. ಆ ನರ್ಸರಿಯೂ ನಿಂದೇ, ಈ ಗುಡ್ಡಕ್ಕೆ ಇನ್ನು ಎಷ್ಟು ಗಿಡ ಬೇಕೋ ಅದೂ ನಿಂದೇ" ಎಂದರು. ನನಗೆ ಕುಣಿಯಬೇಕೆನ್ನಿಸಿತು, ಕುಣಿಯುವ ಬದಲು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ದೇವೀರಮ್ಮ ಕೀಲಿಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, "ಈ ರೈಟ್ರನ್ನ ಒಂದು ವರ್ಷ ನನ್ನ ಕೈಕೆಳಗೆ ಕೊಡಿ ಗೌಡ್ರೇ, ಇವರನ್ನೂ ಸ್ವಲ್ಪ ಬಿಸಿಲಿಗೆ ಬಿಡ್ಬೇಕು" ಎಂದರು. ಒಂದು ವರ್ಷವಲ್ಲ, ನಾಲ್ಕು ವರ್ಷ ಬುಟ್ಟಿ ಹೊತ್ತೆ. ಇವತ್ತು ಚಿಕ್ಕಮಗಳೂರಿನಲ್ಲಿ ಯಾರ ಹಿತ್ತಿಲ ಗಿಡ ಸೊರಗಿದರೂ ನನ್ನನ್ನು ಕರೆಯುತ್ತಾರೆ; ಆ ಮರ್ಯಾದೆಯೆಲ್ಲ ಆ ಬುಟ್ಟಿಯಿಂದ ಬಂದದ್ದು.

ಇಷ್ಟೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರಲು ಆಗುತ್ತದೆಯೇ? ನಿನ್ನೆ ಬಸ್ಸು ಹತ್ತಿದೆ. ಯುದ್ಧ ಶುರುವಾಗಿ ಪೆಟ್ರೋಲು ಸಿಗದಾದ ಮೇಲೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿವೆ, ಏರು ಬಂದರೆ ಇಳಿದು ತಳ್ಳಬೇಕು. ಅರ್ಧ ದಾರಿ ತಳ್ಳಿ, ಅರ್ಧ ದಾರಿ ನಡೆದು ಗುಡ್ಡ ಸೇರಿದೆ. ಗುರುತೇ ಸಿಗಲಿಲ್ಲ. ಕಣ್ಣು ಹಾಯುವವರೆಗೆ ಕಾಫಿ. ಒಂದು ಕಾಲದಲ್ಲಿ ನಾನು ಕರಕಲು ಮಾಡಿದ ಜಾಗದಲ್ಲಿ ನನ್ನ ಎದೆಯೆತ್ತರದ ಗಿಡಗಳು, ಗೆಣ್ಣು ಗೆಣ್ಣಿಗೂ ಕಾಯಿ ಕಚ್ಚಿ ರೆಂಬೆ ಬಾಗಿದೆ. ತುಂತುರು ಮಳೆಯಲ್ಲಿ ಹೆಂಗಸರು ಹೊಸ ಜಾಗಕ್ಕೆ ಸಸಿ ನೆಡುತ್ತಿದ್ದರು. ಬಂಡೆಯ ಮೇಲೆ ಮಳೆ ತಾಗದಂತೆ ಎಲೆಯ ಗೊರಬು ಹಾಕಿಕೊಂಡು ಕೂತು ಜೋರು ಮಾಡುತ್ತಿದ್ದವರು ದೇವೀರಮ್ಮ. ಹಲ್ಲು ಹೋಗಿವೆ, ದನಿ ಹೋಗಿಲ್ಲ. ನನ್ನನ್ನು ಕಂಡು ಪಕ್ಕದಲ್ಲಿ ಜಾಗ ಮಾಡಿದರು.

ನೆಡುವವರಲ್ಲಿ ಒಬ್ಬ ತಾಯಿ ನಾಲ್ಕು ವರ್ಷದ ಮಗಳನ್ನು ಕಾಲು ಕೆಸರಾಗುತ್ತದೆಂದು ಸೊಂಟದಿಂದ ಇಳಿಸದೆ ಒದ್ದಾಡುತ್ತಿದ್ದಳು. ಪಕ್ಕದವಳು ರೇಗಿದಳು: "ಇಳಿಸೇ ಸಾಕು! ಮಗೂನ ರೈಟ್ರ ಸಾಲು ಮಾಡ್ಬೇಡ!"

ನಾನು ಬೆಚ್ಚಿದೆ. "ಅದೇನಮ್ಮ ರೈಟ್ರ ಸಾಲು ಅಂದ್ರೆ?" ಎಂದು ಕೇಳಿದೆ.

"ಅದಾ? ಹಿಂದೆ ಇಲ್ಲಿ ಒಬ್ಬ ರೈಟ್ರು ಇದ್ರಂತೆ ಅಯ್ಯಾ. ಗಿಡ ಬಾಡ್ತು ಅಂತ ಅತ್ತು ಅತ್ತು, ಕಣ್ಣೀರು ಹಾಕೇ ಒಂದು ಸಾಲು ಸಾಯಿಸಿದ್ರಂತೆ. ನಮ್ಮಲ್ಲಿ ಯಾರು ಮಕ್ಕಳನ್ನ ಮುದ್ದು ಮಾಡಿ ಹಾಳು ಮಾಡಿದ್ರೂ ಹಾಗೇ ಅನ್ನೋದು."

ದೇವೀರಮ್ಮ ಗೊರಬಿನೊಳಗೆ ನಕ್ಕು ನಕ್ಕು ಕೆಮ್ಮತೊಡಗಿದರು. ಮೊದಲಾಗಿದ್ದರೆ ನಾನು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದೆನೋ ಏನೋ. ನಿನ್ನೆ ಮಾತ್ರ ಎದ್ದು ನಿಂತು, ಎದೆ ಸೆಟೆಸಿ, "ಆ ರೈಟರ್ ನಾನೇ ಕಣಮ್ಮ!" ಎಂದೆ. ನೆಡುತ್ತಿದ್ದ ಕೈಗಳೆಲ್ಲ ನಿಂತವು. ಆ ಹೆಂಗಸು ನಾಲಿಗೆ ಕಚ್ಚಿಕೊಂಡಳು.

"ಹೌದ್ರೇ, ಇವ್ರೇ" ಎಂದರು ದೇವೀರಮ್ಮ, ಕೆಮ್ಮು ನಿಲ್ಲಿಸಿ. "ಆದ್ರೆ ಕತೆ ಹೇಳೋದಾದ್ರೆ ಪೂರ್ತಿ ಹೇಳ್ರೇ. ಅವತ್ತು ಇವ್ರು ಗೌಡ್ರ ಮುಂದೆ ಬಾಯಿ ಬಿಡದೆ ಇದ್ದಿದ್ರೆ, ಈ ಗುಡ್ಡದಲ್ಲಿ ನಾನೂ ಇರ್ತಿರ್ಲಿಲ್ಲ, ಒಂದು ಗಿಡಾನೂ ಇರ್ತಿರ್ಲಿಲ್ಲ."

ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಒಂದು ಬುಟ್ಟಿ ಸಸಿ ಎತ್ತಿಕೊಂಡು, ಆ ಹೆಂಗಸರ ಸಾಲಿನಲ್ಲಿ ಕೊನೆಯವನಾಗಿ ನೆಡಲು ಕೂತೆ.